ಪರಸಿಯ ಮೇಲೊಂದು ಸಮುದ್ರ

ಮೊದಲ ನೋಟಕ್ಕೆ ಅದು ಮೀನು ಅನ್ನಿಸಲೇ ಇಲ್ಲ. ಯಾರೋ ಕುಸುರಿ ಕೈಯವರು ಕಂದುಗೆಂಪು, ಬಿಳಿ ಪಟ್ಟೆಯ ಕಾಗದವನ್ನು ಸೀಳಿ ಸೀಳಿ ಬೀಸಣಿಗೆ ಮಾಡಿ, ಕಾಣದ ನೂಲಿನಿಂದ ನೀರಿನೊಳಗೆ ಇಳಿಬಿಟ್ಟಿದ್ದಾರೆ ಅಂದುಕೊಂಡೆ. ಅಲುಗಾಟವೇ ಇಲ್ಲ. ನಮ್ಮ ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧ ಇದ್ದಾನಲ್ಲ, ಬಂಡೆಗಳ ಸಾಲೇ ಹಣೆ, ಮೂಗು, ಎದೆಯಾಗಿ ಕಾಣುವವನು, ಅವನಷ್ಟು ನಿಶ್ಚಲ. ಆಮೇಲೆ ಬೀಸಣಿಗೆಯ ನಡುವೆ ಒಂದು ಕಣ್ಣು ಕಂಡಿತು. ಆ ಕಣ್ಣು ಮೆಲ್ಲಗೆ ಹೊರಳಿ ನನ್ನನ್ನೇ ನೋಡಿತು. ಎದೆ ಧಸಕ್ಕೆಂದಿತು!

ಬಂಧುವೊಬ್ಬರ ಆಸ್ಪತ್ರೆ ಕೆಲಸಕ್ಕೆಂದು ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದವನು, ಹೊತ್ತು ಕಳೆಯಲು ಅಲಂಕಾರ ಮೀನಿನ ಅಂಗಡಿಯೊಂದಕ್ಕೆ ಹೊಕ್ಕಿದ್ದೆ. ಗಾಜಿಗೆ ಬೆರಳು ತಾಗಿಸಿದ್ದೇ ತಡ, ಅಂಗಡಿಯ ಹುಡುಗ ಓಡಿ ಬಂದ. ‘ಹಾತ್ ನಕ್ಕೋ ಡಾಲೋ ಭಾಯ್, ಜಹರ್ ಹೈ ಉಸ್ಮೆ!’ ವಿಷವಾ? ಈ ಚಿತ್ರಪಟಕ್ಕಾ? ಹುಡುಗ ನಕ್ಕು ಬೆರಳುದ್ದದ ಮರಿಮೀನೊಂದನ್ನು ತಂದು ತೊಟ್ಟಿಗೆ ಬಿಟ್ಟ. ಬೀಸಣಿಗೆ ಬಿಚ್ಚಿಕೊಂಡಿತು. ಎರಡೂ ಬದಿಯ ರೆಕ್ಕೆಗಳು ಅಗಲವಾಗಿ, ಓಡಿ ಹೋಗುವ ದಾರಿಯನ್ನೆಲ್ಲ ಮುಚ್ಚುತ್ತ, ಆತುರವೇ ಇಲ್ಲದೆ ಮರಿಯನ್ನು ಮೂಲೆಗೆ ತಳ್ಳಿದವು. ಒಂದು ಗೇಣಿನಷ್ಟು ದೂರದಲ್ಲಿ ನಿಂತು ಅದು ‘ಫೂ’ ಎಂದು ಊದಿತು. ನಿಜವಾಗಿಯೂ ಊದಿತು, ಬಾಯಿಂದ ನೀರನ್ನು! ಕಂಗಾಲಾದ ಮರಿ ಊದಿದ ಕಡೆಗೇ ಮುಖ ತಿರುಗಿಸಿತು. ಮುಂದಿನದು ನನಗೆ ಕಾಣಲಿಲ್ಲ. ಮರಿ ಇತ್ತು, ಮರಿ ಇಲ್ಲ. ಅಷ್ಟೇ.

ಮುಖ ತಿರುಗಿಸಿಕೊಂಡು ಬಂದ ಮೀನು ತಲೆಯ ಕಡೆಯಿಂದ ಒಳಹೋಗುತ್ತದೆ, ಗಂಟಲಿಗೆ ಮುಳ್ಳು ಸಿಕ್ಕುವುದಿಲ್ಲ. ಅದಕ್ಕಾಗಿಯೇ ಈ ಊದುವ ಉಪಾಯ ಇರಬಹುದು ಎಂದು ಸಂಶೋಧಕರು 2012ರಲ್ಲಿ ಬರೆದಿದ್ದಾರೆ. ಲಯನ್ ಫಿಶ್, ಸಿಂಹಮೀನು ಅಂತ ಹೆಸರು. ಆ ರಾತ್ರಿ ವಾಪಸು ರೈಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಭೂಪಟದ ಮೇಲೆ ಹದ್ದು ಹಾರಿದ ಹಾಗೆ ನೇರ ಗೆರೆ ಎಳೆದರೂ ಯಾದಗಿರಿಯಿಂದ ಯಾವ ಸಮುದ್ರವೂ 300 ಕಿ.ಮೀ. ಒಳಗೆ ಸಿಗುವುದಿಲ್ಲ. ಈ ಪ್ರಾಣಿಯನ್ನು ಶಹಾಪುರದ ನಮ್ಮ ನಡುಮನೆಯಲ್ಲಿ ಇಟ್ಟರೆ ಹೇಗೆ ಎಂಬ ಹುಚ್ಚು ತಲೆ ಹೊಕ್ಕಿತ್ತು. ಹುಚ್ಚಿನ ಬೆನ್ನು ಹತ್ತಿ ಹೋದವನಿಗೆ ಏನೇನು ಸಿಕ್ಕಿತು ಅಂತೀರಿ!

ಮೊದಲು ಸಿಕ್ಕಿದ್ದು ಒಬ್ಬ ಡಾಕ್ಟರು. ಅಂಗಡಿಯಲ್ಲಿ ತೆಗೆದುಕೊಂಡಿದ್ದ ಫೋಟೊವನ್ನು ಹಿಗ್ಗಿಸಿ ನೋಡಿದೆ. ಈ ಕುಲದಲ್ಲಿ ಹತ್ತಾರು ಜಾತಿಗಳಿವೆ. ಜಗತ್ತಿನ ಅಂಗಡಿಗಳಲ್ಲೆಲ್ಲ ಮೆರೆಯುವ ಟೆರೋಯಿಸ್ ವೊಲಿಟಾನ್ಸ್‌ನ ಬಾಲದ ಮೇಲೆ ಕಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ. ನನ್ನ ಮೀನಿನ ಬಾಲ ಚುಕ್ಕೆಯಿಲ್ಲದೆ ತಿಳಿಯಾಗಿತ್ತು. ಹಾಗಿದ್ದರೆ ಅದು ಟೆರೋಯಿಸ್ ರಸ್ಸೆಲಿ, ನಮ್ಮ ಭಾರತದ ಕರಾವಳಿಯದೇ ಮೀನು. ರಸ್ಸೆಲಿ! ಈ ಹೆಸರು ಎಲ್ಲೋ ಕೇಳಿದ್ದೇನಲ್ಲ ಎಂದು ತಲೆ ಕೆರೆದುಕೊಂಡೆ. ಕೇಳದೆ ಏನು, ನಮ್ಮ ಹೊಲದ ಬದುವಿನಲ್ಲಿ, ಹತ್ತಿ ಬಿಡಿಸುವವರ ಕಾಲಬುಡದಲ್ಲಿ ಬುಸುಗುಡುವ ಕೊಳಕುಮಂಡಲದ ಹೆಸರು ಡಬೋಯಿಯಾ ರಸ್ಸೆಲಿ. ಕಡಲಿನ ಮುಳ್ಳಿನ ಮೀನಿಗೂ ಕಪ್ಪು ಮಣ್ಣಿನ ಹಾವಿಗೂ ಒಬ್ಬನೇ ಮನುಷ್ಯನ ಹೆಸರು!

ಪ್ಯಾಟ್ರಿಕ್ ರಸ್ಸೆಲ್, ಎಡಿನ್‌ಬರೋದ ವೈದ್ಯ. ಸಿರಿಯಾದ ಅಲೆಪ್ಪೊದಲ್ಲಿ ಪ್ಲೇಗಿನ ರೋಗಿಗಳ ನಡುವೆ ವರ್ಷಗಟ್ಟಲೆ ಕಳೆದವನು 1781ರಲ್ಲಿ ತಮ್ಮನ ಜೊತೆ ವಿಶಾಖಪಟ್ಟಣಕ್ಕೆ ಬಂದ. ಬಂದವನು ಸುಮ್ಮನೆ ಕೂರಲಿಲ್ಲ. ಕೋರಮಂಡಲ ತೀರದ ಹಾವುಗಳನ್ನು ತರಿಸಿ, ಯಾವುದಕ್ಕೆ ವಿಷವಿದೆ, ಯಾವುದಕ್ಕಿಲ್ಲ ಎಂದು ಒಂದೊಂದಾಗಿ ಪರೀಕ್ಷಿಸಿ 1796ರಲ್ಲಿ ದೊಡ್ಡ ಪುಸ್ತಕ ತಂದ. 1803ರಲ್ಲಿ ವಿಶಾಖಪಟ್ಟಣದ ಇನ್ನೂರು ಮೀನುಗಳ ಚಿತ್ರ, ವಿವರಣೆಗಳ ಇನ್ನೊಂದು ಪುಸ್ತಕ. ಆ ಇನ್ನೂರರಲ್ಲಿ ನಮ್ಮ ಬೀಸಣಿಗೆಯೂ ಇದೆ. ರಸ್ಸೆಲ್ ಅದಕ್ಕೆ ಲ್ಯಾಟಿನ್ ಹೆಸರು ಕೊಡಲಿಲ್ಲ. ತೆಲುಗು ಮೀನುಗಾರರು ಏನನ್ನುತ್ತಿದ್ದರೋ ಅದನ್ನೇ ಬರೆದುಕೊಂಡ: ಕೋಡಿಪುಂಗಿ. ಅರ್ಧ ಶತಮಾನದ ಮೇಲೆ, 1852ರಲ್ಲಿ, ಡಚ್ಚರ ಸೇನೆಯ ವೈದ್ಯ ಬ್ಲೀಕರ್ ಆ ತೆಲುಗು ಮಾತನ್ನೇ ಎತ್ತಿ ಟೆರೋಯಿಸ್ ಕೋಡಿಪುಂಗಿ ಎಂದು ಶಾಸ್ತ್ರೀಯ ಹೆಸರಾಗಿ ಅಚ್ಚು ಹಾಕಿಸಿದ. ಅಷ್ಟರಲ್ಲಿ ರಸ್ಸೆಲಿ ಎಂಬ ಹೆಸರು ನೆಲೆಯೂರಿದ್ದರಿಂದ ಕೋಡಿಪುಂಗಿ ಹಿಂದೆ ಸರಿಯಿತು, ಇಂದಿಗೂ ಸಮಾನಾರ್ಥಕದ ಪಟ್ಟಿಯಲ್ಲಿ ಕುಳಿತಿದೆ. ಕೋಡಿ ಅಂದರೆ ಕೋಳಿ ಎಂದು ಗುರುಮಠಕಲ್ ಸೀಮೆಯ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ತೆಲುಗು ಆ ಕಡೆ ಅರ್ಧ ಮನೆಮಾತು. ನನ್ನ ಕಿವಿಗಂತೂ ಆ ಹೆಸರಿನಲ್ಲಿ ಕೋಳಿಯೇ ಕೂಗಿತು. ಇಂಗ್ಲಿಷಿನವರು ಇದನ್ನೇ ಟರ್ಕಿ ಫಿಶ್ ಅನ್ನುತ್ತಾರೆ, ಅದೂ ಕೋಳಿಯೇ. ಸಿಂಹ ಕಂಡವರಿಗಿಂತ ಕೋಳಿ ಕಂಡವರ ಕಣ್ಣೇ ಚುರುಕು ಎಂದು ನನ್ನ ಅಭಿಪ್ರಾಯ. ಗರಿಗೆದರಿದ ಹುಂಜವನ್ನು ನೋಡಿದವರು ಈ ಮೀನನ್ನು ನೋಡಲಿ, ಗೊತ್ತಾಗುತ್ತದೆ.

ಇನ್ನೂ ಇದೆ, ತಾಳಿ. ಈ ಮೀನಿನ ಕುಟುಂಬದ ಹೆಸರು ಸ್ಕಾರ್ಪೀನಿಡೇ. ಸ್ಕಾರ್ಪಿಯನ್! ಚೇಳುಮೀನುಗಳ ಕುಟುಂಬ! ಯಾದಗಿರಿ ಜಿಲ್ಲೆಯವನಿಗೆ ಚೇಳು ಅಂದೊಡನೆ ಏನು ನೆನಪಾಗಬೇಕು? ಕಂದಕೂರಿನ ಬೆಟ್ಟ. ನಾಗರ ಪಂಚಮಿಗೆ ನಾಡೆಲ್ಲ ಹುತ್ತಕ್ಕೆ ಹಾಲೆರೆಯುತ್ತಿದ್ದರೆ, ಕಂದಕೂರಿನಲ್ಲಿ ಜನ ಕೊಂಡಮ್ಮಾಯಿಯ ಬೆಟ್ಟ ಹತ್ತುತ್ತಾರೆ. ಕಲ್ಲು ಮಗುಚುತ್ತಾರೆ. ಕಲ್ಲಿನಡಿ ಚೇಳು ಇರುತ್ತದೆ. ಅದನ್ನು ಬರಿಗೈಯಲ್ಲಿ ಎತ್ತಿ ಅಂಗೈ ಮೇಲೆ, ತೋಳಿನ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ, ನಾಲಿಗೆಯ ಮೇಲೂ! ಆ ದಿನ ಅಮ್ಮನ ಚೇಳು ಕುಟುಕುವುದಿಲ್ಲ ಎಂಬ ನಂಬಿಕೆ. ಕುಟುಕಿದರೂ ಭಂಡಾರ ಹಚ್ಚಿದರೆ ಇಳಿಯುತ್ತದೆ ಅನ್ನುತ್ತಾರೆ. ನಾನು ಒಮ್ಮೆ ಹೋಗಿದ್ದೆ. ಹತ್ತು ವರ್ಷದ ಹುಡುಗನೊಬ್ಬ ಅಂಗೈ ಚಾಚಿ, ‘ತಗೋರಿ ಅಣ್ಣ, ಏನೂ ಮಾಡಂಗಿಲ್ಲ’ ಅಂದ. ಅವನ ಅಂಗೈಯಲ್ಲಿ ಬಾಲ ಮೇಲೆತ್ತಿದ ಚೇಳು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ನಡೆಯುತ್ತಿತ್ತು. ನಾನು ಕೈ ಚಾಚಲಿಲ್ಲ. ಹುಡುಗ ನಕ್ಕ. ಇವತ್ತಿಗೂ ಆ ನಗು ನನ್ನನ್ನು ಚುಚ್ಚುತ್ತದೆ.

ಆ ಬೆಟ್ಟದಲ್ಲಿ ಕೈ ಹಿಂದೆಳೆದುಕೊಂಡವನು ಮನೆಯಲ್ಲಿ ಕಡಲಿನ ಚೇಳು ಸಾಕಲು ಹೊರಟಿದ್ದೆ ನೋಡಿ!

ಈಗ ವಿಷದ ವಿಷಯ. ನಾನು ಹೆದರಿದ್ದು ಬೀಸಣಿಗೆಗೆ, ಆದರೆ ಬೀಸಣಿಗೆಯಲ್ಲಿ ವಿಷವೇ ಇಲ್ಲ. ವಿಷವಿರುವುದು ಬೆನ್ನಿನ ಮೇಲೆ ಸಾಲಾಗಿ ನಿಂತ 13 ಮುಳ್ಳುಗಳಲ್ಲಿ, ಹೊಟ್ಟೆಯಡಿಯ ಎರಡರಲ್ಲಿ, ಗುದದ ರೆಕ್ಕೆಯ ಮೂರರಲ್ಲಿ. ಒಟ್ಟು 18. ಪ್ರತಿ ಮುಳ್ಳಿನ ಉದ್ದಕ್ಕೂ ಎರಡು ಸಣ್ಣ ಕಾಲುವೆಗಳು, ಕಾಲುವೆಯಲ್ಲಿ ವಿಷದ ಗ್ರಂಥಿ, ಎಲ್ಲದರ ಮೇಲೆ ತೆಳು ಚರ್ಮದ ಒರೆ. ಹಾವಿನ ಹಾಗೆ ಇದು ಕಚ್ಚಿ ವಿಷ ಸುರಿಯುವುದಿಲ್ಲ. ಚೇಳಿನ ಹಾಗೆ ಬಾಲ ಬೀಸುವುದಿಲ್ಲ. ಬೇಟೆಗೆ ವಿಷ ಬಳಸುವುದೇ ಇಲ್ಲ. ಅದು ಮಾಡುವುದು ಇಷ್ಟು: ಬೆನ್ನನ್ನು ನಮ್ಮ ಕಡೆ ಬಾಗಿಸಿ ಸುಮ್ಮನೆ ನಿಲ್ಲುತ್ತದೆ. ಚುಚ್ಚಿಸಿಕೊಳ್ಳುವುದು ನಾವೇ. ಮುಳ್ಳು ಮೈಗೆ ಇಳಿಯುತ್ತಿದ್ದಂತೆ ಒರೆ ಹಿಂದಕ್ಕೆ ಸರಿದು ಗ್ರಂಥಿಯನ್ನು ಅಮುಕುತ್ತದೆ, ವಿಷ ಕಾಲುವೆಗುಂಟ ಗಾಯಕ್ಕೆ ಹರಿಯುತ್ತದೆ. ಆಮೇಲೆ ನೋವು. ಗಂಟೆಗಟ್ಟಲೆ ಉರಿ, ಬಾವು, ಕೆಲವರಿಗೆ ವಾಂತಿ, ಬೆವರು. ಸಾವು ತೀರಾ ಅಪರೂಪ. ಆ ಲೆಕ್ಕದಲ್ಲಿ ನಮ್ಮ ಕಡೆಯ ಕೆಂಪು ಚೇಳು ಇದಕ್ಕಿಂತ ಎಷ್ಟೋ ಪಾಲು ಕೇಡಿನದು. ಅದು ಕುಟುಕಿದರೆ ಮಕ್ಕಳ ಹೃದಯಕ್ಕೇ ಕುತ್ತು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಮಾತ್ರೆಯಿಂದ ಆ ಸಾವುಗಳನ್ನು ತಡೆಯುವ ದಾರಿ ತೋರಿಸುವ ತನಕ ಹಳ್ಳಿಗಳಲ್ಲಿ ಅದಕ್ಕೆ ಮದ್ದೇ ಇರಲಿಲ್ಲ.

ಸಿಂಹಮೀನಿನ ಮುಳ್ಳಿಗೆ ಮದ್ದು ಏನು ಗೊತ್ತೇ? ಬಿಸಿನೀರು! ನಾನು ಮೂರು ಸಲ ಓದಿದೆ. ಆ ವಿಷ ಪ್ರೋಟೀನಿನದು, ಕಾವಿಗೆ ಕೆಡುತ್ತದೆ, ಮೊಟ್ಟೆಯ ಬಿಳಿ ಹೆಂಚಿನ ಮೇಲೆ ಬಿದ್ದೊಡನೆ ಗುಣ ಬಿಡುವ ಹಾಗೆ. ಚುಚ್ಚಿದ ಕೈಯನ್ನು ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ಕುದಿಯುವ ನೀರಲ್ಲ. ನೋವಿನ ಭರದಲ್ಲಿ ಚರ್ಮ ಸುಟ್ಟದ್ದೂ ತಿಳಿಯುವುದಿಲ್ಲ, ಅದಕ್ಕೆ ಚುಚ್ಚದ ಕೈಯನ್ನು ಮೊದಲು ಅದ್ದಿ ನೋಡಬೇಕು. ಮುರಿದ ಮುಳ್ಳು ಒಳಗೆ ಉಳಿದಿದೆಯೇ ನೋಡಿಸಲು, ಉಸಿರು ಕಟ್ಟಿದರೆ, ಮೈ ದದ್ದೆದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಕೆರೆಯಲ್ಲಿ ಬಲೆ ಬೀಸುವವರ ಕೈಗೆ ಚುಚ್ಚುವ ನಮ್ಮ ಸಿಹಿನೀರಿನ ಚೇಳುಮೀನಿಗೂ ಬಿಸಿನೀರಿನ ಇದೇ ಉಪಚಾರ. 45 ಡಿಗ್ರಿ! ಮೇ ತಿಂಗಳ ಮಧ್ಯಾಹ್ನ ಯಾದಗಿರಿಯ ಗಾಳಿಯೇ ಆ ಕಾವಿನ ಹತ್ತಿರ ಇರುತ್ತದೆ. ನಮ್ಮೂರಿನ ಬಿಸಿಲೇ ಈ ಮೀನಿನ ವಿಷಕ್ಕೆ ಮದ್ದು ಎಂದು ಆಗ ಕುಣಿದಾಡಿದ್ದೆ. ಆ ಬಿಸಿಲು ಇನ್ನೇನು ಮಾಡಬಲ್ಲದು ಎಂದು ಯೋಚಿಸಲಿಲ್ಲ.

ಸರಿ, ತೊಟ್ಟಿ ಬಂತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಪೂರ್ತಿ ತುಂಬಿದರೆ 450 ಲೀಟರು, ಅಂಚು ಬಿಟ್ಟು ಕಲ್ಲು ಮರಳು ಕಳೆದರೆ 400. ಅಂಗೈಯಗಲದ ಮೀನಿಗೆ ಇಷ್ಟು ದೊಡ್ಡದೇಕೆ ಎನ್ನಬೇಡಿ. ರಸ್ಸೆಲಿ ಒಂದಡಿ ಬೆಳೆಯುತ್ತದೆ, ವೊಲಿಟಾನ್ಸ್ ಅದಕ್ಕೂ ದೊಡ್ಡದು, ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ಮೀರಿ ಬಾಳುತ್ತದೆ. ಸಣ್ಣ ತೊಟ್ಟಿಯೇ ಇರುವವರು ಕುಳ್ಳ ಜಾತಿಗಳನ್ನು ಇಡಬಹುದು, ಅವಕ್ಕೆ 200 ಲೀಟರು ನಡೆಯುತ್ತದೆ.

ತಳಕ್ಕೆ ಕಲ್ಲು ಬೇಕಿತ್ತು. ಅಂಗಡಿಯವರು ‘ಲೈವ್ ರಾಕ್’ ಎನ್ನುತ್ತಾರೆ. ಸಮುದ್ರದಿಂದ ಕಿತ್ತ, ಜೀವ ತುಂಬಿದ ಹವಳದ ಕಲ್ಲು. ಅದನ್ನು ಮುಟ್ಟುವಂತಿಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ ಹುಲಿಗಿರುವ ರಕ್ಷಣೆಯೇ ಇದೆ. ಹಾಗಾದರೆ ಯಾವ ಕಲ್ಲು? ಸುಣ್ಣದ ಕಲ್ಲಾದರೆ ಒಳ್ಳೆಯದು, ನೀರು ಹುಳಿಗೆ ತಿರುಗದಂತೆ ತಡೆಯುತ್ತದೆ ಎಂದು ಓದುತ್ತ ಓದುತ್ತ, ಬರಿಗಾಲಿನಲ್ಲಿ ನಿಂತಿದ್ದವನು ಕೆಳಗೆ ನೋಡಿದೆ.

ಪರಸಿ!

ನಮ್ಮ ಮನೆಯ ನೆಲ ಪರಸಿ ಕಲ್ಲಿನದು. ನಿಮ್ಮ ಮನೆಯದೂ ಇರಬಹುದು. ಶಹಾಬಾದ್ ಕಲ್ಲು ಅಂತ ಊರೂರಿಗೆ ಹೋಗುವುದು ಇದೇ. ನಡುಮನೆಗೆ ಪರಸಿ, ಕಟ್ಟೆಗೆ ಪರಸಿ, ಬಚ್ಚಲಿಗೆ ಪರಸಿ, ಕೆಲವು ಹಳ್ಳಿಗಳಲ್ಲಿ ಛಾವಣಿಗೂ ಅದೇ. ಲಿಂಬಿಹುಳಿ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ ಎಂದು ಅವ್ವ ಬೈಯುತ್ತಿದ್ದಳಲ್ಲ, ಅದು ಸುಣ್ಣದ ಕಲ್ಲೆಂಬುದಕ್ಕೆ ಸಾಕ್ಷಿ. ಈ ಸುಣ್ಣ ಎಲ್ಲಿಂದ ಬಂತು? ಸಮುದ್ರದಿಂದ! ಭೂವಿಜ್ಞಾನಿಗಳು ಭೀಮಾ ಪಾತ್ರ ಎಂದು ಕರೆಯುವ ಈ ಸೀಮೆ ಒಂದು ಕಾಲಕ್ಕೆ ಆಳವಿಲ್ಲದ ಕಡಲು. ಅದರ ತಳಕ್ಕೆ ಸುಣ್ಣದ ಕೆಸರು ಪದರ ಪದರವಾಗಿ ಇಳಿದು, ಗಟ್ಟಿಯಾಗಿ, ಹಾಳೆ ಹಾಳೆಯಾಗಿ ಏಳುವ ಕಲ್ಲಾಯಿತು. ಶಹಾಪುರದ ಗೋಗಿಯ ಸುತ್ತ ನೆಲ ಅಗೆದರೆ ಸಿಗುವುದು ಇದೇ ಸ್ತರ, ಅಲ್ಲಿ ಯುರೇನಿಯಂ ಕೂಡ ಸಿಕ್ಕಿದೆ. ಆ ಕಡಲು ಎಷ್ಟು ಹಳೆಯದೆಂದರೆ ಅದರಲ್ಲಿ ಒಂದೂ ಮೀನು ಇರಲಿಲ್ಲ. ಮೀನು ಎಂಬ ಜೀವಿಯೇ ಇನ್ನೂ ಹುಟ್ಟಿರಲಿಲ್ಲ! ಐವತ್ತು ಕೋಟಿ ವರ್ಷಕ್ಕೂ ಹಿಂದಿನ ಮಾತು. ನಾವು ಹುಟ್ಟಿದಾಗಿನಿಂದ ಓಡಾಡಿದ್ದು, ಊಟಕ್ಕೆ ಕೂತದ್ದು, ಬೇಸಿಗೆಯ ಮಧ್ಯಾಹ್ನ ತಂಪಿಗೆ ಮೈ ಚಾಚಿದ್ದು ಸಮುದ್ರದ ತಳದ ಮೇಲೆ. ನನಗೆ ಆ ಗಳಿಗೆ ನಿಂತ ನೆಲವೇ ತೇಲಿದಂತಾಯಿತು.

ಹಿತ್ತಲಲ್ಲಿ ಬಿದ್ದಿದ್ದ ಪರಸಿ ತುಂಡುಗಳನ್ನು ತಂದು ತಿಕ್ಕಿ ತೊಳೆದು ಮೂರನ್ನು ಒಂದರ ಮೇಲೊಂದು ಪೇರಿಸಿ ಗವಿ ಮಾಡಿದೆ. ಹಗಲಲ್ಲಿ ಈ ಮೀನು ಗವಿಯಲ್ಲಿ ತಲೆಕೆಳಗಾಗಿ ನೇತುಕೊಂಡಿರಲು ಇಷ್ಟಪಡುತ್ತದಂತೆ.

ಆಮೇಲೆ ಉಪ್ಪು. ಕಡಲ ನೀರಿನಲ್ಲಿ ಲೀಟರಿಗೆ 35 ಗ್ರಾಂ ಲವಣ. 400 ಲೀಟರಿಗೆ 14 ಕಿಲೋ! ಅಡುಗೆ ಉಪ್ಪು ನಡೆಯುವುದಿಲ್ಲ. ಕಡಲಿನ ಲವಣದಲ್ಲಿ ಸೋಡಿಯಂ, ಕ್ಲೋರೈಡುಗಳ ಜೊತೆ ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ತಕ್ಕ ಪ್ರಮಾಣದಲ್ಲಿರಬೇಕು, ಅದಕ್ಕೆಂದೇ ಮಾಡಿದ ಪುಡಿ ಬರುತ್ತದೆ. ಬೋರಿನ ನೀರು ಬೇಡವೆಂದು ಫಿಲ್ಟರ್ ನೀರಿನ ಘಟಕದಿಂದ 20 ಲೀಟರಿನ ಇಪ್ಪತ್ತು ಕ್ಯಾನು ಹೊತ್ತು ತಂದೆ. ಪುಡಿ ಸುರಿದು ಕದಡುತ್ತಿದ್ದಾಗ ಅವ್ವ ಬಾಗಿಲಲ್ಲಿ ನಿಂತಳು.

‘ಏನಪ್ಪಾ, ಕುಡಿಯೋ ನೀರಿಗಿ ಉಪ್ಪು ಹಾಕಿ ಕೆಡಸ್ಲಾಕತ್ತಿ?’

‘ಸಮುದ್ರ ಮಾಡ್ಲಾಕತ್ತೀನಿ ಅವ್ವ.’

‘ಹದಿನಾಲ್ಕು ಕಿಲೋ! ಇದರಾಗ ಊರಿಗೆಲ್ಲ ಉಪ್ಪಿನಕಾಯಿ ಹಾಕಬಹುದಿತ್ತು.’

ಮರುದಿನ ನೀರು ತಿಳಿಯಾಯಿತು. ಸಾಂದ್ರತೆ ಅಳೆಯುವ ಸಣ್ಣ ಮಾಪಕದಲ್ಲಿ ಮುಳ್ಳು ಮೆಲ್ಲಗೆ ಏರಿ 1.025ರಲ್ಲಿ ನಿಂತಿತು. ಕಡಲಿನ ಅಂಕಿ! ಬೆರಳು ಅದ್ದಿ ನೆಕ್ಕಿದೆ. ಮುರ್ಡೇಶ್ವರದ ಅಲೆಯಲ್ಲಿ ಬಿದ್ದು ಬಾಯಿಗೆ ಹೋದ ನೀರಿನದೇ ರುಚಿ, ಅದೇ ಕಹಿ ಬೆರೆತ ಉಪ್ಪು. ಐವತ್ತು ಕೋಟಿ ವರ್ಷದ ಮೇಲೆ ಪರಸಿ ಕಲ್ಲು ಮತ್ತೆ ಸಮುದ್ರದಲ್ಲಿ ಕುಳಿತಿತ್ತು, ನಮ್ಮ ನಡುಮನೆಯಲ್ಲಿ, ಟಿ.ವಿ.ಯ ಪಕ್ಕ.

ಒಂದು ವಾರಕ್ಕೆ ನೀರು ಎರಡು ಬೆರಳು ಇಳಿದಿತ್ತು, ಮುಳ್ಳು ಮೇಲೇರಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅದಕ್ಕೆ ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಇದನ್ನು ನಾನು ಪುಸ್ತಕದಿಂದ ಕಲಿಯಬೇಕಿರಲಿಲ್ಲ. ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಎಷ್ಟು ಹೊಲಗಳು ಸವಳು ಜವಳಾಗಿ ಕೂತಿವೆ! ಅಲ್ಲೂ ಇದೇ ಲೆಕ್ಕ. ಬಸಿಯಲು ದಾರಿಯಿಲ್ಲದ ನೀರು ನಿಲ್ಲುತ್ತದೆ, ಬಿಸಿಲಿಗೆ ಏರುತ್ತದೆ, ಲವಣ ಬಿಳಿ ಹಿಟ್ಟಿನ ಹಾಗೆ ಮೇಲೆ ಕೂರುತ್ತದೆ. ನನ್ನ ತೊಟ್ಟಿಯ ಗಾಜಿನ ಅಂಚಿಗೆ ಕಟ್ಟಿದ ಬಿಳಿ ಕೆನೆಯನ್ನು ನೋಡಿದ ಭತ್ತದ ರೈತನೊಬ್ಬ ‘ಇದು ನಮ್ಮ ಹೊಲ ನೋಡ್ರಿ’ ಅಂದ.

ನೀರು ಸಿದ್ಧವಾದರೆ ಮೀನು ಬಿಡಬಹುದು ಅಂದುಕೊಂಡಿದ್ದೆ. ಇಲ್ಲ! ನೀರಿಗೆ ಮೊದಲು ಜೀವ ಬರಬೇಕು. ಮೀನು ಉಸಿರಾಡಿದರೂ ಉಚ್ಚೆ ಹೊಯ್ದರೂ ಅಮೋನಿಯ, ಅದೇ ನೀರಿನಲ್ಲಿ ಉಳಿದರೆ ಮೀನಿಗೇ ವಿಷ. ಅದನ್ನು ತಿಂದು ನೈಟ್ರೈಟು, ನೈಟ್ರೈಟನ್ನು ತಿಂದು ನೈಟ್ರೇಟು ಮಾಡುವ ಎರಡು ಬಗೆಯ ಬ್ಯಾಕ್ಟೀರಿಯಾಗಳು ಕಲ್ಲು ಮರಳಿನ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ರಷ್ಯದ ವಿನೊಗ್ರಾಡ್‌ಸ್ಕಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಣ್ಣಿನಿಂದ ಬೇರ್ಪಡಿಸಿದ ಜೀವಿಗಳ ಬಳಗವೇ ಇದು. ಹೊಲಕ್ಕೆ ಹಾಕಿದ ಯೂರಿಯಾ ಹತ್ತಿ ಗಿಡದ ಬಾಯಿಗೆ ಬರುವುದು ಇವುಗಳ ದಯೆಯಿಂದ. ದನದ ಕೊಟ್ಟಿಗೆಯ ಮಣ್ಣಿನಲ್ಲಿ ಪೆಟ್ಲುಪ್ಪು ಹುಟ್ಟಿಸಿ ಹಿಂದಿನ ಕಾಲದ ಕೋಟೆಗಳ ತೋಪಿಗೆ ಮದ್ದು ಒದಗಿಸಿದ್ದೂ ಇವೇ. 1858ರಲ್ಲಿ ಬ್ರಿಟಿಷರ ಮೇಲೆ ಸಿಡಿದ ಸುರಪುರದ ತೋಪುಗಳ ಹಿಂದೆ ರಾಜಾ ವೆಂಕಟಪ್ಪ ನಾಯಕರಿದ್ದರು, ಅವರ ಬೇಡ ಪಡೆಯಿತ್ತು, ಕಣ್ಣಿಗೆ ಕಾಣದ ಈ ಸೇನೆಯೂ ಇತ್ತು!

ಹಾಗೆ ಮೀನಿಲ್ಲದ ಸಮುದ್ರಕ್ಕೆ ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಉದುರಿಸುತ್ತ ಕೂತೆ. ಮನೆಗೆ ಬಂದವರೆಲ್ಲ ಬಗ್ಗಿ ನೋಡಿ, ‘ಮೀನು ಎಲ್ಲಿ ಅಡಗ್ಯಾದ?’ ಅನ್ನುವವರೇ. ಸಂಜೆ ಗಾಜಿನ ನಳಿಗೆಗೆ ನೀರು ತೆಗೆದು ಪರೀಕ್ಷೆಯ ಹನಿ ಬಿಡುತ್ತಿದ್ದೆ. ಮೊದಲ ವಾರ ಅಮೋನಿಯದ ನಳಿಗೆ ಹಸಿರು. ಮೂರನೆಯ ವಾರ ಅದು ಹಳದಿಗೆ ತಿರುಗಿತು, ನೈಟ್ರೈಟಿನ ನಳಿಗೆ ನೇರಳೆಯಾಯಿತು. ಮೂವತ್ತೆಂಟನೆಯ ದಿನ ನೇರಳೆ ಹೋಗಿ ತಿಳಿನೀಲಿ. ಎರಡೂ ಸೊನ್ನೆ! ನಾನು ಆ ನಳಿಗೆಯನ್ನು ಹಿಡಿದು ಓಣಿಗೆಲ್ಲ ತೋರಿಸಿ ಬಂದೆ. ಇತ್ತ ಸ್ಕಿಮ್ಮರ್ ಎಂಬ ಯಂತ್ರ ನೀರಿಗೆ ಗುಳ್ಳೆ ಹಾಯಿಸಿ ಕಂದು ನೊರೆಯನ್ನು ಬಟ್ಟಲಿಗೆ ತಳ್ಳುತ್ತಿತ್ತು. ತೊಗರಿಬೇಳೆ ಕುದಿಯುವಾಗ ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆಯುತ್ತೇವಲ್ಲ, ಅದೇ ಕೆಲಸ.

ಕಾಯುವ ದಿನಗಳಲ್ಲಿ ಒಂದು ಭಯಂಕರ ಕಥೆಯನ್ನೂ ಓದಿದೆ. 1985ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಒಂದು ಸಿಂಹಮೀನು ಸಿಕ್ಕಿತು. ಅದರ ಊರು ಇಂಡೋ-ಪೆಸಿಫಿಕ್ ಕಡಲು, ಅಲ್ಲಿರಲು ಕಾರಣವೇ ಇರಲಿಲ್ಲ. ಯಾರೋ ಸಾಕಿ ಬೇಸತ್ತು ಬಿಟ್ಟದ್ದಿರಬೇಕು. ಇಂದು ಕೆರಿಬಿಯನ್ ಪೂರ್ತಿ ಅವೇ. ಒಂದು ಹೆಣ್ಣು ವರ್ಷಕ್ಕೆ 20 ಲಕ್ಷದವರೆಗೆ ಮೊಟ್ಟೆಯಿಡುತ್ತದೆ. ಹೊಟ್ಟೆ 30 ಪಟ್ಟು ಹಿಗ್ಗುತ್ತದೆ. ಬಹಾಮಾಸ್‌ನ ಹವಳದ ದಿಬ್ಬಗಳಲ್ಲಿ ನಡೆಸಿದ ಪ್ರಯೋಗವೊಂದರಲ್ಲಿ ಐದೇ ವಾರದಲ್ಲಿ ಹೊಸದಾಗಿ ನೆಲೆಸುವ ಸ್ಥಳೀಯ ಮರಿಮೀನುಗಳ ಸಂಖ್ಯೆ ಶೇಕಡಾ 79ರಷ್ಟು ಕುಸಿಯಿತು. ಈಗ ಅಲ್ಲಿ ಇದನ್ನು ಹಿಡಿಯಲು ಪಂದ್ಯ ಕಟ್ಟುತ್ತಾರೆ, ಹೋಟೆಲಿನಲ್ಲಿ ಕರಿದು ಬಡಿಸುತ್ತಾರೆ. ವಿಷ ಮುಳ್ಳಿನಲ್ಲಿ ಮಾತ್ರ, ಮಾಂಸದಲ್ಲಿ ಇಲ್ಲ.

ಮಾರ್ಚ್ ಬಂತು. ಹೈದರಾಬಾದಿಗೆ ಫೋನು ಮಾಡಿ ಹುಡುಗನಿಗೆ, ಮುಂದಿನ ವಾರ ಬರುತ್ತೇನೆ ಅಂದೆ. ಯಾಕೋ ಅಂದು ಮಧ್ಯಾಹ್ನ ತೊಟ್ಟಿಯ ಥರ್ಮಾಮೀಟರ್ ನೋಡಿದೆ. 30. ಈ ಮೀನಿಗೆ ಬೇಕಾದದ್ದು 24ರಿಂದ 27. ಫ್ಯಾನು ಹಚ್ಚಿದೆ. ನಮ್ಮ ಒಣಗಾಳಿಗೆ ನೀರು ಆವಿಯಾಗಿ, ಮಣ್ಣಿನ ಗಡಿಗೆಯ ಹಾಗೆ, ಎರಡು ಮೂರು ಡಿಗ್ರಿ ಇಳಿಯಿತು. ಗೆದ್ದೆ ಎಂದುಕೊಂಡೆ. ಏಪ್ರಿಲ್‌ನಲ್ಲಿ ಫ್ಯಾನು ತಿರುಗುತ್ತಿದ್ದರೂ 30. ಮೇ ಎರಡನೆಯ ವಾರ ಗಾಳಿಮಳೆಗೆ ಕರೆಂಟು ಹೋಗಿ ಆರು ಗಂಟೆ ಬರಲಿಲ್ಲ. ಸಂಜೆ ನೋಡಿದರೆ 34. ನೀರು ಕಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ, ಪಂಪೂ ನಿಂತಿತ್ತು. ಒಳಗೆ ಮೀನು ಇದ್ದಿದ್ದರೆ?

ನೀರು ತಣಿಸುವ ಚಿಲ್ಲರ್ ಯಂತ್ರವಿದೆ. ಅದರ ಬೆಲೆ ಕೇಳಿ ಎರಡು ದಿನ ಮಾತಾಡಲಿಲ್ಲ. ಅದಕ್ಕೆ ತಕ್ಕ ಇನ್ವರ್ಟರ್ ಬೇರೆ. ಕೋಣೆಗೇ ಎ.ಸಿ. ಹಾಕಿಸೋಣ ಅಂದರೆ ಅವ್ವ ಅಂದಳು: ‘ಮೀನಿಗಿ ಎ.ಸಿ., ನನಗ ಬೀಸಣಿಗಿ!’ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಿಂಹಮೀನು ತರಲಿಲ್ಲ. 400 ಲೀಟರು ಉಪ್ಪುನೀರನ್ನು ಎಲ್ಲಿ ಚೆಲ್ಲುವುದು? ಹಿತ್ತಲಿಗೆ ಸುರಿದರೆ ಕರಿಬೇವಿನ ಗಿಡ ಸಾಯುತ್ತದೆ, ನಾನೇ ಮನೆಯಲ್ಲೊಂದು ಸವಳು ನೆಲ ಮಾಡಿದಂತಾಗುತ್ತದೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವ ತಾಡಪತ್ರಿ ಹಾಸಿ, ಅಂಚು ಎತ್ತಿ ಕಟ್ಟಿ, ಬಕೆಟಿನಿಂದ ಹೊತ್ತು ಸುರಿದೆ. ಐದಾರು ದಿನಕ್ಕೆ ಮೇ ತಿಂಗಳ ಬಿಸಿಲು ಪೂರ್ತಿ ಸಮುದ್ರವನ್ನು ಕುಡಿದು ಮುಗಿಸಿತು. ಉಳಿದದ್ದು ಹಲ್ಲಿನಡಿ ಕರಕರ ಅನ್ನುವ ಬಿಳಿ ಚಕ್ಕೆ. ಕೆರೆದು ಡಬ್ಬಿಗೆ ತುಂಬಿಟ್ಟಿದ್ದೇನೆ. ಪರಸಿ ತುಂಡುಗಳು ಹಿತ್ತಲಿಗೆ ಮರಳಿವೆ.

ಈ ಮೀನು ನಮ್ಮ ರಾಜ್ಯದಲ್ಲೇ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರಿಗೆ ಬಂಡೆಯ ಸಂದಿಯಲ್ಲಿ ಕಾಣಿಸುತ್ತದೆ. ನೋಡಬೇಕೆನ್ನುವವರು ಅಲ್ಲಿಗೆ ಹೋಗಿ, ಮುಟ್ಟಬೇಡಿ. ಎ.ಸಿ., ಚಿಲ್ಲರ್, ಇನ್ವರ್ಟರ್ ಎಲ್ಲ ಇದೆ, ಸಾಕಿಯೇ ತೀರುತ್ತೇವೆ ಅನ್ನುವವರು ಯಾದಗಿರಿಯಲ್ಲಿ ಇರಬಹುದು, ಅವರ ಮನೆಗೆ ನಾನೇ ನೋಡಲು ಬರುತ್ತೇನೆ. ವಾರಕ್ಕೆ ಎರಡು ಮೂರು ಸಲ ಇಕ್ಕಳದಿಂದ ತಿನ್ನಿಸಿ. ಸಿಹಿನೀರಿನ ಮೀನನ್ನೇ ದಿನವೂ ಹಾಕಬೇಡಿ, ಅದರಿಂದ ಕಾಯಿಲೆ ಬೀಳುತ್ತದೆ. ಬಾಯಿಗೆ ಹಿಡಿಸುವ ಯಾವ ಮೀನನ್ನೂ ಜೊತೆಗೆ ಬಿಡಬೇಡಿ. ಗಾಜು ತಿಕ್ಕುವಾಗ ಮೀನು ಎಲ್ಲಿದೆ ಎಂದು ನೋಡದೆ ಕೈ ಹಾಕಬೇಡಿ. ಬೇಡವಾದಾಗ ಯಾವ ನೀರಿಗೂ ಬಿಡಬೇಡಿ. ಮತ್ತೆ, ಎಲ್ಲಕ್ಕಿಂತ ಮೊದಲು ಒಳ್ಳೆಯ ಥರ್ಮಾಮೀಟರ್ ಒಂದನ್ನು ಕೊಂಡು ಇಡೀ ಮೇ ತಿಂಗಳು ಬರಿ ನೀರಿನಲ್ಲಿ ಇಟ್ಟು ನೋಡಿ. ಮೀನು ಆಮೇಲೆ. ಮುಳ್ಳು ಚುಚ್ಚಿದ ದಿನ ಬಿಸಿನೀರಿನ 45 ಡಿಗ್ರಿ ನೋಡಲೂ ಅದೇ ಬೇಕಾಗುತ್ತದೆ.